ಕಾಲರಾ ರೋಗಾಣುವಿನ ಹರಳಿನಲ್ಲಿ ಸಿಕ್ಕ ಕೊಬ್ಬಿನ ತುಣುಕು

ಪ್ರಶ್ನೆ: ನಮ್ಮದು ಮಹಾಲಿಂಗಪುರದ ಹತ್ತಿರ ಬೆಲ್ಲದ ಗಾಣ. ಮಗಳು ಬೆಳಗಾವಿಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಕಾಲರಾ ರೋಗಾಣುವಿನ ಟಾಕ್ಸ್-ಟಿ ಎಂಬ ಪ್ರೋಟೀನಿನ 'ಹರಳಿನ ರಚನೆ' ಬಗ್ಗೆ ಪ್ರಾಜೆಕ್ಟ್ ತೆಗೆದುಕೊಂಡಿದ್ದಾಳೆ. ಸಕ್ಕರೆ ಹರಳಾಗುವುದು ಗೊತ್ತು. ಪ್ರೋಟೀನ್ ಕೂಡ ಹರಳಾಗುತ್ತದೆಯೇ? ಅದರಿಂದ ರೋಗದ ಬಗ್ಗೆ ಏನು ತಿಳಿಯುತ್ತದೆ? ರೋಗಾಣು ಕೊಲ್ಲುವ ಔಷಧಿ ಇದ್ದೇ ಇವೆಯಲ್ಲ, ಇಷ್ಟೊಂದು ಕಷ್ಟ ಯಾಕೆ?
– ಒಬ್ಬ ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಗಾಣದವರೇ ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಪ್ರೋಟೀನ್ ಹರಳು ಬೆಳೆಸುವವರು ವರ್ಷಗಟ್ಟಲೆ ಪರದಾಡುವುದು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯಕ್ಕೆ. ಅದು ಹದ. ಕೊಪ್ಪರಿಗೆಯನ್ನು ಸ್ವಲ್ಪ ಬೇಗ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ. ಸ್ವಲ್ಪ ತಡವಾದರೆ ಪಾಕ ಹೊತ್ತುತ್ತದೆ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಹದ ಹೇಳುವವರು ನಿಮ್ಮ ಗಾಣದಲ್ಲೂ ಇರುತ್ತಾರೆ. ನಮ್ಮ ಕೆಲಸದಲ್ಲೂ ಅಂಥವರಿಗೆ ಬೆಲೆ ಜಾಸ್ತಿ. ಪುಸ್ತಕ ಓದಿದರೆ ಸಾಲದು, ಕೈ ಪಳಗಬೇಕು.

ಮೊದಲ ಪ್ರಶ್ನೆಗೆ ಉತ್ತರ: ಹೌದು, ಪ್ರೋಟೀನ್ ಹರಳಾಗುತ್ತದೆ. ಪ್ರೋಟೀನ್ ಅಂದಕೂಡಲೇ ನಮಗೆ ತೊಗರಿಬೇಳೆ, ಮೊಟ್ಟೆ ನೆನಪಾಗುತ್ತವೆ. ಆದರೆ ಜೀವಕೋಶದ ಒಳಗೆ ಒಂದೊಂದು ಪ್ರೋಟೀನೂ ಒಂದೊಂದು ಸಣ್ಣ ಯಂತ್ರ. ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಸರ ಅದು. ಟಾಕ್ಸ್-ಟಿಯಲ್ಲಿ ಇಂಥ 276 ಮಣಿಗಳಿವೆ. ಸರ ಉದ್ದಕ್ಕೆ ಬಿದ್ದಿರುವುದಿಲ್ಲ. ತನ್ನಷ್ಟಕ್ಕೆ ಮಡಚಿ, ಸುರುಳಿ ಸುತ್ತಿ, ಒಂದು ನಿರ್ದಿಷ್ಟ ಆಕಾರಕ್ಕೆ ಬರುತ್ತದೆ. ಆ ಆಕಾರದಿಂದಲೇ ಅದು ಕೆಲಸ ಮಾಡುತ್ತದೆ. ಕೀಲಿಕೈಯ ಹಲ್ಲು ಹೇಗಿದೆ ಎಂಬುದರ ಮೇಲೆ ತಾನೇ ಅದು ಯಾವ ಬೀಗ ತೆಗೆಯುತ್ತದೆ ಅನ್ನೋದು ನಿಂತಿರುವುದು?

ಈ ಆಕಾರ ನೋಡುವುದೇ ಕಷ್ಟ. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲಿಗೆ ಒಂದು ಆಂಗ್‌ಸ್ಟ್ರಾಮ್ ಎನ್ನುತ್ತಾರೆ. ಪ್ರೋಟೀನಿನಲ್ಲಿ ಅಕ್ಕಪಕ್ಕದ ಎರಡು ಇಂಗಾಲದ ಪರಮಾಣುಗಳ ನಡುವಿನ ದೂರ ಸುಮಾರು ಒಂದೂವರೆ ಆಂಗ್‌ಸ್ಟ್ರಾಮ್. ನಾವು ಕಣ್ಣಿಂದ ಕಾಣುವ ಬೆಳಕಿನ ಅಲೆ ಸುಮಾರು 4000ದಿಂದ 7000 ಆಂಗ್‌ಸ್ಟ್ರಾಮ್ ಉದ್ದ. ಅಷ್ಟು ದೊಡ್ಡ ಅಲೆಗೆ ಇಷ್ಟು ಸಣ್ಣ ವಸ್ತುವಿನ ವಿವರ ಸಿಗುವುದಿಲ್ಲ. ಎಕ್ಸ್-ರೇ ಅಲೆ ಒಂದು ಆಂಗ್‌ಸ್ಟ್ರಾಮಿನ ಆಸುಪಾಸಿನದು. ಅದಾದರೆ ಸರಿ. ಆದರೆ ಒಂದೇ ಒಂದು ಪ್ರೋಟೀನ್ ಅಣುವಿನಿಂದ ಚದುರುವ ಎಕ್ಸ್-ರೇ ಎಷ್ಟು ಕ್ಷೀಣ ಅಂದರೆ ಅದನ್ನು ಹಿಡಿಯಲು ಆಗುವುದಿಲ್ಲ.

ಹರಳು ಬೇಕಾಗುವುದು ಇದಕ್ಕೇ. ಜಾತ್ರೆಯಲ್ಲಿ ಕರಡಿ ಮಜಲು ಕೇಳಿದ್ದೀರಲ್ಲ? ಒಬ್ಬನೇ ಬಾರಿಸಿದರೆ ಓಣಿ ದಾಟುವುದಿಲ್ಲ. ಎಲ್ಲರೂ ಒಂದೇ ತಾಳಕ್ಕೆ ಬಾರಿಸಿದರೆ ಮುಂದಿನ ಊರಿಗೂ ಕೇಳುತ್ತದೆ. ಹರಳಿನಲ್ಲಿ ಅಣುಗಳು ಇಳಕಲ್ ಸೀರೆಯ ಅಂಚಿನ ಚಿತ್ತಾರದ ಹಾಗೆ, ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ ಮುಖ ಮಾಡಿ, ಮತ್ತೆ ಮತ್ತೆ ಅದೇ ಅದೇ ಆಗಿ ಕೂತಿರುತ್ತವೆ. ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಹರಳಿನಲ್ಲೂ ಲಕ್ಷ ಕೋಟಿಗಿಂತ ಜಾಸ್ತಿ ಅಣುಗಳು. ಅವೆಲ್ಲ ಒಂದೇ ತಾಳಕ್ಕೆ ಎಕ್ಸ್-ರೇ ಚದುರಿಸಿದಾಗ ಕೆಲವು ದಿಕ್ಕುಗಳಲ್ಲಿ ಸದ್ದು ಒಟ್ಟಾಗಿ ಬಲವಾಗುತ್ತದೆ. ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ.

ಬೆಳಗಾವಿಯಲ್ಲಿ ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರ ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಎಂಬ ಪ್ರೋಟೀನಿನ ಹರಳು ಬೆಳೆಸಲು ಕೊಡುತ್ತೇನೆ. ಅದು ಸುಲಭ, ಉಪ್ಪು ನೀರಿನ ಹದ ಸರಿಯಿದ್ದರೆ ಒಂದೆರಡು ದಿನಕ್ಕೆ ಬರುತ್ತದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ 24 ಸಣ್ಣ ಗುಳಿಗಳಿರುತ್ತವೆ. ಪ್ರತಿ ಗುಳಿಯ ತಳಕ್ಕೆ ಗಾಢವಾದ ಉಪ್ಪು ನೀರು. ಮೇಲೆ ಮುಚ್ಚುವ ಗಾಜಿನ ಬಿಲ್ಲೆಗೆ ಪ್ರೋಟೀನಿನ ಒಂದು ಹನಿ, ಅದೇ ಉಪ್ಪು ನೀರಿನ ಒಂದು ಹನಿ ಸೇರಿಸಿ ಇಡುತ್ತೇವೆ. ಹನಿ ಅಂದರೆ ಸಾಸಿವೆ ಕಾಳಿನಷ್ಟು. ಬಿಲ್ಲೆಯನ್ನು ತಲೆಕೆಳಗು ಮಾಡಿ ಗುಳಿಯ ಬಾಯಿಗೆ ಕೂರಿಸಿ, ಗಾಳಿ ಆಡದ ಹಾಗೆ ಗ್ರೀಸ್ ಹಚ್ಚುತ್ತೇವೆ. ಮೇಲೆ ನೇತಾಡುವ ಹನಿಯಿಂದ ನೀರು ನಿಧಾನವಾಗಿ ಆವಿಯಾಗಿ ಕೆಳಗಿನ ಗಾಢ ನೀರಿಗೆ ಇಳಿಯುತ್ತದೆ. ಹನಿ ಗಟ್ಟಿಯಾಗುತ್ತಾ ಹೋಗುತ್ತದೆ. ಅವಸರ ಮಾಡಿದರೆ ಪ್ರೋಟೀನ್ ಒಡೆದ ಹಾಲಿನ ಹಾಗೆ ಬೆಳ್ಳಗೆ ಗಸಿಯಾಗುತ್ತದೆ. ನಿಧಾನವಾದರೆ ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದ ಕೆಳಗೆ, ಮೂಲೆ ಮೂಲೆ ಚೂಪಾದ, ಕಲ್ಲುಸಕ್ಕರೆಯ ಮರಿಯಂಥದ್ದು ಹೊಳೆಯುತ್ತಾ ಕೂತಿರುತ್ತದೆ. ಮೊದಲ ಸಲ ಅದನ್ನು ಕಂಡ ಮಕ್ಕಳು ಯಾರೂ ಸುಮ್ನೆ ಇರುವುದಿಲ್ಲ, ಪಕ್ಕದವರನ್ನು ಕೂಗುತ್ತಾರೆ.

ಆಗ ನಾನು ಒಂದು ತೆಳ್ಳನೆಯ ಸೂಜಿ ಕೊಡುತ್ತೇನೆ. ಹರಳಿಗೆ ತುಸು ಚುಚ್ಚಿ ನೋಡು ಎನ್ನುತ್ತೇನೆ. ಅದು ಬರೀ ಉಪ್ಪಿನ ಹರಳಾಗಿದ್ದರೆ ಗಟ್ಟಿಯಾಗಿರುತ್ತದೆ, ಸೂಜಿಗೆ ಎದುರು ಕೊಡುತ್ತದೆ, ಒಡೆದರೆ ಚಟ್ ಅಂತ ಒಡೆಯುತ್ತದೆ. ಪ್ರೋಟೀನ್ ಹರಳಾದರೆ ಮುಟ್ಟಿದ್ದೇ ತಡ ಪುಡಿಯಾಗಿ ಕುಸಿಯುತ್ತದೆ. ಯಾಕೆಂದರೆ ಪ್ರೋಟೀನ್ ಹರಳಿನಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಅಣುಗಳು ಅಲ್ಲೊಂದು ಇಲ್ಲೊಂದು ಕಡೆ ಕೈ ಹಿಡಿದುಕೊಂಡು ನಿಂತಿರುತ್ತವೆ, ಅಷ್ಟೇ. ನಾನು ವಿದ್ಯಾರ್ಥಿಯಾಗಿದ್ದಾಗ ಮೂರು ತಿಂಗಳು ಕಾದು ಬೆಳೆಸಿದ ಹರಳುಗಳು ಒಂದು ರಾತ್ರಿ ಕರೆಂಟ್ ಹೋಗಿ ಕೋಣೆ ಬಿಸಿಯಾದದ್ದಕ್ಕೆ ಕರಗಿಹೋದವು. ಬೆಳಿಗ್ಗೆ ನೋಡಿದರೆ ತಿಳಿ ಹನಿ. ಆ ಬೆಳಗಿನ ಸಂಕಟ ಇನ್ನೂ ಮರೆತಿಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ಪಾಕಕ್ಕೆ ಸಕ್ಕರೆಯ ಸಣ್ಣ ಕಣಗಳನ್ನು ಬೀಜವಾಗಿ ಹಾಕಿ ಹರಳು ಬೆಳೆಸುವುದನ್ನು ನೀವು ನೋಡಿರಬಹುದು. ನಾವೂ ಹಾಗೇ ಮಾಡುತ್ತೇವೆ. ಸರಿಯಾಗಿ ಬೆಳೆಯದ ಹರಳನ್ನು ಪುಡಿ ಮಾಡಿ, ಆ ಪುಡಿಯನ್ನು ಹೊಸ ಹನಿಗೆ ಬಿತ್ತುತ್ತೇವೆ.

ಹರಳು ಬಂದ ಮೇಲೆ ಅದನ್ನು ಕೂದಲೆಳೆಯಷ್ಟು ಸಣ್ಣ ಕುಣಿಕೆಯಲ್ಲಿ ಎತ್ತಿ, ದ್ರವ ಸಾರಜನಕದಲ್ಲಿ ಅದ್ದಿ, ಎಕ್ಸ್-ರೇಗೆ ಹಿಡಿಯುತ್ತಾರೆ. ದೊಡ್ಡ ಕೆಲಸಕ್ಕೆ ಸಿಂಕ್ರೊಟ್ರಾನ್ ಎಂಬ ಭಾರೀ ಯಂತ್ರದ ಎಕ್ಸ್-ರೇ ಬೇಕು. ನಮ್ಮ ದೇಶದಲ್ಲಿ ಇಂದೋರಿನಲ್ಲಿ ಇಂಡಸ್-2 ಇದೆ. ಹರಳನ್ನು ತಿರುಗಿಸುತ್ತಾ ಸಾವಿರಾರು ಚುಕ್ಕಿಗಳನ್ನು ಅಳೆಯುತ್ತಾರೆ. ಚುಕ್ಕಿ ಎಷ್ಟು ಪ್ರಖರ ಅನ್ನೋದು ಸಿಗುತ್ತದೆ. ಅಲೆ ಯಾವ ಹಂತದಲ್ಲಿ ಬಂದು ಬಿತ್ತು ಅನ್ನೋದು ಸಿಗುವುದಿಲ್ಲ. ಆ ಕಳೆದುಹೋದ ಅರ್ಧವನ್ನು ಬೇರೆ ಉಪಾಯಗಳಿಂದ ಕಂಡುಹಿಡಿದು, ಲೆಕ್ಕ ಹಾಕಿದರೆ ಅಣುವಿನಲ್ಲಿ ಎಲೆಕ್ಟ್ರಾನುಗಳು ಎಲ್ಲೆಲ್ಲಿ ದಟ್ಟವಾಗಿವೆ ಎಂಬ ನಕ್ಷೆ ಬರುತ್ತದೆ. ಆ ನಕ್ಷೆಯೊಳಗೆ 276 ಮಣಿಗಳ ಸರವನ್ನು ಒಂದೊಂದಾಗಿ ಕೂರಿಸುತ್ತಾ ಹೋಗಬೇಕು. ಕೂರಿಸಿದ್ದು ಸರಿಯೇ ಎಂದು ನೋಡಲು ಇವತ್ತಿಗೂ ಜಗತ್ತಿನ ಎಲ್ಲರೂ ಬಳಸುವುದು ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸಿನಲ್ಲಿ 1963ರಲ್ಲಿ ಕೊಟ್ಟ, ಸರ ಯಾವ ಯಾವ ಕೋನಗಳಲ್ಲಿ ಮಡಚಬಹುದು ಎಂದು ತೋರಿಸುವ ಇನ್ನೊಂದು ನಕ್ಷೆಯನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ 1994ರಲ್ಲಿ ನಮ್ಮ ಶೇಂಗಾದೊಳಗಿನ ಒಂದು ಪ್ರೋಟೀನಿನ ರಚನೆಯನ್ನು ಹೀಗೇ ಬಿಡಿಸಿತು. ನಿಮ್ಮ ಮಗಳು ಹಿಡಿದಿರುವ ದಾರಿಯಲ್ಲಿ ನಮ್ಮವರು ಬಹಳ ದೂರ ನಡೆದಿದ್ದಾರೆ ಅಂತ ನಿಮಗೆ ಗೊತ್ತಿರಲಿ.

ಇನ್ನು ಕಾಲರಾ.

ನನ್ನ ಅಜ್ಜಿಯ ಊರು ವಿಜಯಪುರ ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ವಾಂತಿಭೇದಿ ಬಂದ ವರ್ಷ ಊರೇ ಊರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ಅವಳು ಹೇಳುತ್ತಿದ್ದಳು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಕಣ್ಣು ಗುಳಿಬಿದ್ದು, ಬೆರಳ ತುದಿ ಸುಕ್ಕುಗಟ್ಟಿ ಮಲಗಿರುತ್ತಿದ್ದರಂತೆ. ಅದು ಉತ್ಪ್ರೇಕ್ಷೆಯಲ್ಲ. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಮೈಯಿಂದ ಹೋಗಬಹುದು.

ಇಷ್ಟೆಲ್ಲ ಮಾಡುವುದು ಆ ರೋಗಾಣು ಬಿಡುವ ವಿಷ. ಇದನ್ನು ತೋರಿಸಿಕೊಟ್ಟವರು ಕೋಲ್ಕತ್ತಾದ ಶಂಭುನಾಥ ಡೇ. ರೋಗಾಣುವನ್ನು ಪೂರ್ತಿ ಸೋಸಿ ತೆಗೆದ ದ್ರಾವಣ ಕೂಡ ಮೊಲದ ಕರುಳಿನಲ್ಲಿ ಅದೇ ಪರಿಣಾಮ ಮಾಡುತ್ತದೆ ಎಂದು ಅವರು 1959ರಲ್ಲಿ ಪ್ರಕಟಿಸಿದರು. ಇಷ್ಟು ದೊಡ್ಡ ಕೆಲಸಕ್ಕೆ ಅವರು ಬದುಕಿದ್ದಾಗ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಕಾಲರಾ ಪಾಠ ಮಾಡುವಾಗ ಅವರ ಹೆಸರು ಹೇಳದೆ ನಾನು ಮುಂದೆ ಹೋಗುವುದಿಲ್ಲ.

ವಿಷ ಕರುಳಿನ ಗೋಡೆಯ ಜೀವಕೋಶದೊಳಗೆ ಹೊಕ್ಕು ಒಂದು ಗುಂಡಿಯನ್ನು ಒತ್ತಿಹಿಡಿದುಬಿಡುತ್ತದೆ. ಜೀವಕೋಶ ಕ್ಲೋರೈಡನ್ನು ಹೊರಗೆ ಸುರಿಯುತ್ತಲೇ ಇರುತ್ತದೆ, ಅದರ ಹಿಂದೆ ಉಪ್ಪಿನ ಅಂಶ, ಅದರ ಹಿಂದೆ ನೀರು. ಆದರೆ ವಿಷ ಒಂದೇ ಸಾಲದು. ಹರಿಯುವ ಕರುಳಿನಲ್ಲಿ ರೋಗಾಣು ಕಚ್ಚಿಕೊಂಡು ಗುಂಪಾಗಿ ನಿಲ್ಲಬೇಕಲ್ಲ? ಅದಕ್ಕೆ ಕೂದಲಿನಂಥ ಎಳೆಗಳನ್ನು ಬೆಳೆಸುತ್ತದೆ. ಎಳೆ ಮತ್ತು ವಿಷ, ಎರಡೂ ಇದ್ದರೆ ಮಾತ್ರ ರೋಗ. (ವಿಷ ಮಾಡುವ ಸೂತ್ರ, ಅಂದರೆ ಅದರ ಜೀನ್, ರೋಗಾಣುವಿನ ಸ್ವಂತದ್ದೂ ಅಲ್ಲ. ಒಂದು ವೈರಸ್ ತಂದು ಸೇರಿಸಿದ್ದು, ಆ ವೈರಸ್ ಒಳಗೆ ಬರುವುದೂ ಇದೇ ಎಳೆಯನ್ನು ಹಿಡಿದುಕೊಂಡೇ ಅಂತ 1996ರಲ್ಲಿ ಗೊತ್ತಾಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.)

ಈ ರೋಗಾಣು ವರ್ಷದ ಬಹುಪಾಲು ಹೊಳೆಯ ಬಾಯಿ, ಸಮುದ್ರದ ಅಂಚಿನ ನೀರಿನಲ್ಲಿ, ಸಣ್ಣ ಸಣ್ಣ ಜಲಜೀವಿಗಳ ಮೈಗೆ ಅಂಟಿಕೊಂಡು ತಣ್ಣಗೆ ಬದುಕುತ್ತದೆ. ಅಲ್ಲಿ ವಿಷ ಮಾಡಿ ಏನು ಪ್ರಯೋಜನ? ಸುಮ್ನೆ ಶಕ್ತಿ ಹಾಳು. ಮನುಷ್ಯನ ಹೊಟ್ಟೆ ಸೇರಿದ ಮೇಲೂ ಎಲ್ಲೆಂದರಲ್ಲಿ ವಿಷ ಬಿಟ್ಟರೆ ಉಪಯೋಗವಿಲ್ಲ. ಸಣ್ಣ ಕರುಳಿನ ಗೋಡೆಗೆ ಹತ್ತಿದ ಮೇಲೇ ಬಿಡಬೇಕು. ಹಾಗಾದರೆ ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕಣ್ಣಿಲ್ಲ, ಮೂಗಿಲ್ಲ.

ಟಾಕ್ಸ್-ಟಿ ಬರುವುದು ಇಲ್ಲಿ. ಎಳೆಯ ಜೀನುಗಳು, ವಿಷದ ಜೀನುಗಳು ಎಲ್ಲಕ್ಕೂ ಇದೇ ಸ್ವಿಚ್. ಡಿಎನ್‌ಎಯಲ್ಲಿ ಆ ಜೀನುಗಳ ಮುಂದೆ 13 ಅಕ್ಷರಗಳ ಒಂದು ಗುರುತು ಇರುತ್ತದೆ. ಅದಕ್ಕೆ ಟಾಕ್ಸ್‌ಬಾಕ್ಸ್ ಎನ್ನುತ್ತಾರೆ. ಟಾಕ್ಸ್-ಟಿ ಅಲ್ಲಿ ಹೋಗಿ ಕೂತರೆ ಜೀನು ಚಾಲೂ. ಟಾಕ್ಸ್-ಟಿಯನ್ನು ಮಾಡಿಸುವುದಕ್ಕೆ ಅದರ ಮೇಲೂ ಟಾಕ್ಸ್-ಆರ್ ಮುಂತಾದ ಯಜಮಾನರಿದ್ದಾರೆ. ಅವರ ಕಥೆ ಬಿಡೋಣ, ಮಗಳು ಹೇಳುತ್ತಾಳೆ.

ಒಂದು ಒಗಟು ಮಾತ್ರ ಹಳೆಯದು. ರೋಗಾಣು ಬೆಳೆಯುವ ದ್ರವಕ್ಕೆ ಪಿತ್ತರಸ ಹಾಕಿದರೆ ಅದು ವಿಷ ಮಾಡುವುದನ್ನೂ ಎಳೆ ಮಾಡುವುದನ್ನೂ ಕಡಿಮೆ ಮಾಡುತ್ತದೆ ಎಂದು ಕೋಲ್ಕತ್ತಾದ ವಿಜ್ಞಾನಿಗಳು 1997ರಲ್ಲಿ ಕಂಡರು. 2007ರಲ್ಲಿ ಅಲ್ಲಿಯವರೇ ಇನ್ನೂ ಒಳಗೆ ಹೋಗಿ, ಪಿತ್ತರಸದಲ್ಲಿರುವ ಕೊಬ್ಬಿನ ಆಮ್ಲಗಳು ಇದನ್ನು ಮಾಡುತ್ತವೆ ಎಂದು ತೋರಿಸಿದರು. ಆದರೆ ಹೇಗೆ? ಕೊಬ್ಬು ಯಾರನ್ನು ಹಿಡಿಯುತ್ತದೆ? ಅದು ಕಂಡಿರಲಿಲ್ಲ.

2010ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ತಂಡ ಟಾಕ್ಸ್-ಟಿಯ ಹರಳಿನ ರಚನೆ ಪ್ರಕಟಿಸಿತು. 1.9 ಆಂಗ್‌ಸ್ಟ್ರಾಮ್ ಸ್ಪಷ್ಟತೆ. ಅಂದರೆ ಸರದ ಒಂದೊಂದು ಮಣಿಯೂ ಯಾವ ಕಡೆಗೆ ಕೈ ಚಾಚಿದೆ ಎಂದು ಹೇಳುವಷ್ಟು. ನಕ್ಷೆಯಲ್ಲಿ ಎರಡು ಭಾಗ ಕಂಡವು. ಒಂದು ಭಾಗ ಸಣ್ಣ ಪೀಪಾಯಿಯ ಹಾಗೆ. ಇನ್ನೊಂದು ಸುರುಳಿಗಳಿಂದ ಆದದ್ದು, ಡಿಎನ್‌ಎ ಹಿಡಿಯುವ ಕೈ. ಎರಡರ ನಡುವೆ ಸಣ್ಣ ದಾರದಂಥ ಕೊಂಡಿ.

ಸರದ ಮಣಿಗಳನ್ನೆಲ್ಲ ನಕ್ಷೆಯಲ್ಲಿ ಕೂರಿಸಿ ಮುಗಿದ ಮೇಲೂ ಒಂದು ಕಡೆ ಏನೋ ಉಳಿದಿತ್ತು. ಎರಡು ಭಾಗಗಳು ಸೇರುವ ಹತ್ತಿರ ಒಂದು ಜೇಬು. ಆ ಜೇಬಿನೊಳಗೆ ಉದ್ದನೆಯ, ನಡುವೆ ಬಾಗಿದ ಏನೋ ಒಂದು. ಪ್ರೋಟೀನಿನ ಯಾವ ಮಣಿಯೂ ಅಲ್ಲಿ ಇರಲಿಲ್ಲ. ಹರಳು ಬೆಳೆಸಿದವರು ಅದನ್ನು ಹಾಕಿಯೂ ಇರಲಿಲ್ಲ. ಅದು 16 ಇಂಗಾಲದ ಒಂದು ಕೊಬ್ಬಿನ ಆಮ್ಲ, ಹೆಸರು ಪಾಮಿಟೋಲಿಕ್ ಆಮ್ಲ. ಪ್ರೋಟೀನನ್ನು ತಯಾರಿಸಲು ಬಳಸಿದ ಬ್ಯಾಕ್ಟೀರಿಯಾದೊಳಗೇ ಅದು ಜೇಬು ಸೇರಿ, ಇಷ್ಟೆಲ್ಲ ತೊಳೆದು ಸೋಸಿದರೂ ಬಿಡದೆ, ಹರಳಿನ ತನಕ ಜೊತೆಗೇ ಬಂದಿತ್ತು.

ನಾನು ಈ ಕೆಲಸದಲ್ಲಿ ಇಷ್ಟು ವರ್ಷ ಇರುವುದು ಇಂಥ ಗಳಿಗೆಗಳಿಗಾಗಿ. ಹುಡುಕದೇ ಇದ್ದದ್ದು ಕಣ್ಣೆದುರು ಕೂತು, ನಾನು ಇಲ್ಲಿದ್ದೇನೆ ಅನ್ನುತ್ತದೆ.

ಆ ಜೇಬನ್ನು ಹತ್ತಿರದಿಂದ ನೋಡಿ. ಕೊಬ್ಬಿನ ಆಮ್ಲದ ಬಾಲಕ್ಕೆ ನೀರು ಕಂಡರೆ ಆಗದು. ಅದು ಪೀಪಾಯಿಯ ಒಳಗೆ ನುಸುಳಿ ಕೂತಿದೆ. ತಲೆಗೆ ಮಾತ್ರ ಋಣ ವಿದ್ಯುತ್ ಇದೆ. ಆ ತಲೆಯನ್ನು ಎರಡು ಧನ ಕೈಗಳು ಎರಡು ಕಡೆಯಿಂದ ಹಿಡಿದಿವೆ. ಒಂದು 31ನೇ ಮಣಿ, ಲೈಸೀನ್ ಎಂಬ ಅಮೈನೋ ಆಮ್ಲ. ಇನ್ನೊಂದು 230ನೇ ಮಣಿ, ಅದೂ ಲೈಸೀನ್. 31ನೇದು ಪೀಪಾಯಿ ಭಾಗದ್ದು, 230ನೇದು ಡಿಎನ್‌ಎ ಹಿಡಿಯುವ ಭಾಗದ್ದು. ಅಂದರೆ ಆ ಪುಟ್ಟ ಕೊಬ್ಬು ಎರಡು ಬಾಗಿಲ ರೆಕ್ಕೆಗಳಿಗೆ ಹಾಕಿದ ಚಿಲಕದ ಹಾಗೆ ಕೂತಿದೆ. ಚಿಲಕ ಬಿದ್ದಿರುವ ತನಕ ಎರಡು ಭಾಗಗಳೂ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಡಿಎನ್‌ಎ ಹಿಡಿಯುವ ಸುರುಳಿಗಳು ಹಿಡಿಯಲು ಬೇಕಾದ ಭಂಗಿಗೆ ಬರುವುದಿಲ್ಲ.

ನಡುವಿನ ಬಾಗು ಕೂಡ ಮುಖ್ಯ. ಈ ಆಮ್ಲದ ಸರಪಳಿಯಲ್ಲಿ ಒಂದು ಜೋಡಿ ಬಂಧ ಇರುವುದರಿಂದ ಅದು ಕುಡಗೋಲಿನ ಹಾಗೆ ಬಾಗಿದೆ. ಜೇಬಿನ ಆಕಾರಕ್ಕೆ ಆ ಬಾಗು ಒಪ್ಪುತ್ತದೆ.

ಚಿತ್ರ ನೋಡಿ ಹೀಗಿರಬಹುದು ಅಂದರೆ ಸಾಲದು ಅಲ್ವಾ? ಅದೇ ತಂಡ ಪರೀಕ್ಷೆ ಮಾಡಿತು. ರೋಗಾಣುವಿಗೆ ಪಾಮಿಟೋಲಿಕ್ ಆಮ್ಲ, ಅದರ ಅಣ್ಣನಂಥ ಒಲಿಕ್ ಆಮ್ಲ ಕೊಟ್ಟು ನೋಡಿದರು. ಎಳೆಯೂ ಕಡಿಮೆಯಾಯಿತು, ವಿಷವೂ ಕಡಿಮೆಯಾಯಿತು. ಟಾಕ್ಸ್-ಟಿ ಡಿಎನ್‌ಎಯನ್ನು ಹಿಡಿಯುವುದೂ ನಿಂತಿತು. ಕೋಲ್ಕತ್ತಾದ ಒಗಟಿಗೆ ಉತ್ತರ ಜೇಬಿನಲ್ಲಿತ್ತು.

ಈಗ ರೋಗಾಣುವಿನ ಪ್ರಯಾಣ ಹೀಗೆ ಅರ್ಥವಾಗುತ್ತದೆ. ಕೆಟ್ಟ ನೀರಿನ ಜೊತೆ ಅದು ಹೊಟ್ಟೆಗೆ ಬರುತ್ತದೆ, ಅಲ್ಲಿನ ಆಮ್ಲದಲ್ಲಿ ಬಹಳಷ್ಟು ಸಾಯುತ್ತವೆ, ಉಳಿದವು ಸಣ್ಣ ಕರುಳಿಗೆ ಇಳಿಯುತ್ತವೆ. ಕರುಳಿನ ನಡುವಿನ ಹರಿವಿನಲ್ಲಿ ಪಿತ್ತರಸ ಇದೆ, ಕೊಬ್ಬಿನ ಆಮ್ಲಗಳಿವೆ. ಜೇಬು ತುಂಬಿರುತ್ತದೆ. ಇನ್ನೂ ದಾರಿಯಲ್ಲಿದ್ದೇನೆ ಎಂದು ಸುಮ್ಮನಿರುತ್ತದೆ. ಈಜುತ್ತಾ ಲೋಳೆಯ ಪದರ ದಾಟಿ ಗೋಡೆಯ ಹತ್ತಿರ ಬಂದಾಗ ಕೊಬ್ಬಿನ ಆಮ್ಲ ಕಡಿಮೆಯಾಗುತ್ತದೆ, ಜೇಬು ಖಾಲಿಯಾಗುತ್ತದೆ, ಚಿಲಕ ತೆಗೆಯುತ್ತದೆ. ಅದೇ ಜಾಗದಲ್ಲಿ ಕರುಳಿನ ಗೋಡೆ ಬೈಕಾರ್ಬೊನೇಟ್ ಬಿಡುತ್ತಿರುತ್ತದೆ. ನಮ್ಮ ಅಡುಗೆ ಸೋಡಾದಲ್ಲಿರುವುದೂ ಅದೇ. ಬೈಕಾರ್ಬೊನೇಟ್ ಇದ್ದರೆ ಟಾಕ್ಸ್-ಟಿಯ ಕೆಲಸ ಇನ್ನೂ ಚುರುಕಾಗುತ್ತದೆ ಎಂದು 2009ರಲ್ಲಿ ಬೇರೊಂದು ತಂಡ ತೋರಿಸಿತ್ತು. ಒಂದು ಕಡೆ ತಡೆ ಹೋಯಿತು, ಇನ್ನೊಂದು ಕಡೆ ಸನ್ನೆ ಬಂತು. ಊರು ಬಂತು ಅಂತ ರೋಗಾಣುವಿಗೆ ತಿಳಿಯುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಶೇಂಗಾ ಎಣ್ಣೆಯಲ್ಲಿ ಒಲಿಕ್ ಆಮ್ಲ ಜಾಸ್ತಿ ಇದೆ. ಹಾಗಾದರೆ ಎಣ್ಣೆ ಕುಡಿದರೆ ಕಾಲರಾ ಬರುವುದಿಲ್ಲವೇ ಎಂದು ನನ್ನನ್ನು ಒಬ್ಬರಲ್ಲ, ಹತ್ತು ಜನ ಕೇಳಿದ್ದಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ಊಟದ ಕೊಬ್ಬನ್ನು ನಮ್ಮ ಕರುಳು ಒಡೆದು ಹೀರಿಕೊಂಡುಬಿಡುತ್ತದೆ. ಗೋಡೆಯ ಹತ್ತಿರ ಅದು ಕಡಿಮೆಯಾಗುವುದನ್ನೇ ತಾನೇ ರೋಗಾಣು ಕಾಯುತ್ತಿರುವುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೊಲ್ಲುವ ಔಷಧಿ ಇದ್ದಾಗ ಇದೆಲ್ಲ ಯಾಕೆ?

ಕಾಲರಾದಲ್ಲಿ ಜೀವ ಉಳಿಸುವುದು ಮೊದಲು ನೀರು ಮತ್ತು ಉಪ್ಪು. ರೋಗಾಣು ಕೊಲ್ಲುವ ಆಂಟಿಬಯಾಟಿಕ್ ರೋಗದ ದಿನಗಳನ್ನು ಕಡಿಮೆ ಮಾಡುತ್ತದೆ, ಜೋರಾದ ರೋಗಿಗೆ ವೈದ್ಯರು ಕೊಡುತ್ತಾರೆ. ಆದರೆ ಹೋದ ನೀರನ್ನು ತುಂಬದೆ ಬರೀ ಅದನ್ನು ಕೊಟ್ಟರೆ ಮನುಷ್ಯ ಉಳಿಯುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸ್ ಗ್ಲುಕೋಸು, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಸಕ್ಕರೆಯಲ್ಲೂ ಇರುವ ಈ ಗ್ಲುಕೋಸು ಕರುಳಿನೊಳಗೆ ಹೋಗುವಾಗ ಉಪ್ಪಿನ ಅಂಶವನ್ನು ಕೈಹಿಡಿದು ಕರೆದೊಯ್ಯುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ವಿಷ ಈ ಬಾಗಿಲನ್ನು ಮುಚ್ಚಿರುವುದಿಲ್ಲ. ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಇದಕ್ಕಿಂತ ಉಪ್ಪು ಜಾಸ್ತಿ ಮಾಡಬೇಡಿ. ಕುಡಿಸುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆಂಟಿಬಯಾಟಿಕ್‌ಗಳ ಇನ್ನೊಂದು ಸಮಸ್ಯೆ ನಿಮಗೆ ಹೊಲದಿಂದಲೇ ಗೊತ್ತು. ಒಂದೇ ಔಷಧಿ ಹೊಡೆಯುತ್ತಾ ಹೋದರೆ ಹುಳ ಅದಕ್ಕೆ ಬಗ್ಗುವುದಿಲ್ಲ. ಸಾಯದೆ ಉಳಿದದ್ದೇ ಮರಿ ಮಾಡುತ್ತದೆ. ಕಾಲರಾ ರೋಗಾಣುವಿನಲ್ಲೂ ಹಲವು ಔಷಧಿಗಳಿಗೆ ಬಗ್ಗದ ತಳಿಗಳು ಬಂದಿವೆ. ಟಾಕ್ಸ್-ಟಿಯ ಜೇಬು ಬೇರೆಯೇ ಒಂದು ಆಸೆ ತೋರಿಸುತ್ತದೆ. ರೋಗಾಣುವನ್ನು ಕೊಲ್ಲದೆ, ಅದು ಆಯುಧ ಎತ್ತದ ಹಾಗೆ ಮಾಡುವುದು. ಚಿಲಕ ಬಿದ್ದೇ ಇರುವಂತೆ ಮಾಡುವ ಒಂದು ಅಣುವನ್ನು ಜೇಬಿಗೆ ಹಾಕುವುದು. ಎಳೆ ಇಲ್ಲದ, ವಿಷ ಇಲ್ಲದ ರೋಗಾಣು ಕರುಳಿನಲ್ಲಿ ನಿಲ್ಲಲಾಗದೆ ಹರಿದುಹೋಗುತ್ತದೆ. ಅದು ಸಾಯದೇ ಇರುವುದರಿಂದ ಔಷಧಿಗೆ ಬಗ್ಗದ ತಳಿ ಹುಟ್ಟುವ ಒತ್ತಡವೂ ಕಡಿಮೆ ಇರಬಹುದು ಎಂಬ ಲೆಕ್ಕಾಚಾರ ಇದರ ಹಿಂದಿದೆ.

ರಚನೆ ಗೊತ್ತಾಗುವ ಮೊದಲೂ ಈ ಪ್ರಯತ್ನ ನಡೆದಿತ್ತು. 2005ರಲ್ಲಿ ಸುಮಾರು 50,000 ರಾಸಾಯನಿಕಗಳನ್ನು ಜರಡಿ ಹಿಡಿದು ವಿರ್‌ಸ್ಟಾಟಿನ್ ಎಂಬುದನ್ನು ಹುಡುಕಿದರು. ಅದು ಟಾಕ್ಸ್-ಟಿಯನ್ನು ತಡೆಯಿತು, ಇಲಿಮರಿಗಳ ಕರುಳಿನಲ್ಲಿ ರೋಗಾಣು ನೆಲೆಸುವುದನ್ನೂ ತಡೆಯಿತು. ಅದು ಕತ್ತಲಲ್ಲಿ ಕೀಲಿಕೈ ಗೊಂಚಲು ಹಿಡಿದು ಒಂದೊಂದೇ ಹಾಕಿ ನೋಡಿದ ಹಾಗೆ. ರಚನೆ ಸಿಕ್ಕ ಮೇಲೆ ಬೀಗದ ಒಳಗೇ ದೀಪ ಹಚ್ಚಿದಂತಾಯಿತು. ಡಾರ್ಟ್‌ಮತ್ ತಂಡದವರೇ ಕೊಬ್ಬಿನ ಆಮ್ಲ ಜೇಬಿನಲ್ಲಿ ಬಾಗಿರುವ ಭಂಗಿಯನ್ನೇ ಅಚ್ಚು ಮಾಡಿಕೊಂಡು ಸಣ್ಣ ಅಣುಗಳನ್ನು ಕಟ್ಟಿದರು. ಅವು ಕೊಬ್ಬಿನ ಆಮ್ಲಕ್ಕಿಂತ ಚೆನ್ನಾಗಿ ಟಾಕ್ಸ್-ಟಿಯನ್ನು ತಡೆದವು ಎಂದು 2017ರಲ್ಲಿ ಪ್ರಕಟಿಸಿದರು. ಔಷಧಿ ಅಂಗಡಿಗೆ ಬರುವ ದಾರಿ ಇನ್ನೂ ಉದ್ದ ಇದೆ. ನಿಮ್ಮ ಮಗಳಂಥವರು ನಡೆಯಬೇಕಾದ ದಾರಿ ಅದು.

ಕಾಲರಾ ಒಂದಕ್ಕೇ ಇದು ನಿಲ್ಲುವುದಿಲ್ಲ. ಮಕ್ಕಳಿಗೆ ಭೇದಿ ತರುವ ಒಂದು ಬಗೆಯ ಇ. ಕೋಲಿಯಲ್ಲಿ ಆರ್‌ಎನ್‌ಎಸ್ ಎಂಬ ಇಂಥದ್ದೇ ಸ್ವಿಚ್ ಇದೆ, ಟಾಕ್ಸ್-ಟಿಯ ದಾಯಾದಿ. ಅದರ ಹರಳಿನ ರಚನೆ 2021ರಲ್ಲಿ ಬಂತು. ಅಲ್ಲೂ ಜೇಬು, ಅಲ್ಲೂ ಒಂದು ಕೊಬ್ಬಿನ ಆಮ್ಲ. ಈ ಸಲ 10 ಇಂಗಾಲದ್ದು. ಬೇರೆ ಬೇರೆ ರೋಗಾಣುಗಳು ನಮ್ಮ ಕರುಳನ್ನು ಒಂದೇ ರೀತಿ ಗುರುತು ಹಿಡಿಯುತ್ತಿವೆ ಎಂದಾಯಿತು. ನನ್ನ ಪ್ರಕಾರ ಮುಂದಿನ ಕೆಲಸ ಇಲ್ಲೇ ಜಾಸ್ತಿ ಇರುವುದು. ಮಗಳಿಗೆ ಪ್ರಾಜೆಕ್ಟಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ.

ಇದನ್ನು ನೀವೂ ನೋಡಬಹುದು. ಜಗತ್ತಿನಲ್ಲಿ ಬಿಡಿಸಿದ ಪ್ರೋಟೀನ್ ರಚನೆಗಳನ್ನೆಲ್ಲ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರ 1971ರಿಂದ ಕೂಡಿಡುತ್ತಿದೆ. ಕಾಸು ಕೊಡಬೇಕಿಲ್ಲ, ಮೊಬೈಲಿನಲ್ಲೇ ತೆರೆಯುತ್ತದೆ. ಟಾಕ್ಸ್-ಟಿಯ ನಂಬರು 3ಜಿಬಿಜಿ. ಮುಂದಿನ ಸಲ ಮಗಳು ಊರಿಗೆ ಬಂದಾಗ, ಗಾಣದ ಕೆಲಸ ಮುಗಿದ ಮೇಲೆ, ಅವಳಿಂದ ತೆಗೆಸಿ ನೋಡಿ. ಬೆರಳಿಂದ ಚಿತ್ರವನ್ನು ನಿಧಾನವಾಗಿ ತಿರುಗಿಸಿ. ಎರಡು ಭಾಗಗಳ ಸಂದಿಯಲ್ಲಿ, 31 ಮತ್ತು 230ರ ನಡುವೆ, ತಲೆ ಇಟ್ಟು ಬಾಲ ಒಳಗೆ ಮಡಚಿಕೊಂಡ ಸಣ್ಣದೊಂದು ಬಾಗು ಕಾಣುತ್ತದೆ. ಇಷ್ಟು ಹೊತ್ತು ನಾನು ಹೇಳಿದ ಚಿಲಕ ಅದೇ.